ಅವಳದೇ ಮದ್ದು

ನಮ್ಮ ಕಡೆ ಕೆಲವು ಕಾಯಿಲೆಗಳಿಗೆ ಹೆಸರಿಲ್ಲ. ಜ್ವರಕ್ಕಿದೆ, ಕಾಮಾಲೆಗಿದೆ, ಸಕ್ಕರೆ ಕಾಯಿಲೆಯಂತೂ ಮನೆಯವರಷ್ಟೇ ಸಲಿಗೆಯದು. ಮದುವೆಯ ಊಟಕ್ಕೆ ಕೂತಲ್ಲಿ "ನಂಗೆ ಪಾಯಸ ಬೇಡ, ಶುಗರ್" ಎಂದು ನಾಲ್ಕು ಎಲೆ ದೂರಕ್ಕೆ ಕೇಳುವಂತೆ ಹೇಳಿಕೊಳ್ಳುತ್ತೇವೆ. ಆದರೆ ಕ್ಯಾನ್ಸರ್ ಎನ್ನಲು ಬಾಯಿ ಬರುವುದಿಲ್ಲ. 'ಆ ಕಾಯಿಲೆ' ಎನ್ನುತ್ತೇವೆ, ಅದೂ ದನಿ ತಗ್ಗಿಸಿ. ಮದುವೆಯಾಗದ ಹೆಣ್ಣುಮಗಳಿಗೆ ಬಂದರೆ ಅಷ್ಟೂ ಇಲ್ಲ. "ಸ್ವಲ್ಪ ರಕ್ತ ಕಡಿಮೆ" ಎಂದು ಮಾತು ಮುಗಿಸಿಬಿಡುತ್ತೇವೆ.

ಗುಲ್ವಾಡಿಯ ನಮ್ಮ ದೊಡ್ಡಮ್ಮನ ಮನೆಯಲ್ಲೂ ಮೂರು ವರ್ಷ ಹೀಗೆಯೇ 'ರಕ್ತ ಕಡಿಮೆ' ಇತ್ತು. ದೊಡ್ಡಮ್ಮನ ಮಗ, ಎಂದರೆ ನನ್ನ ಅಣ್ಣ, ಅವನ ಮಗಳಿಗೆ. 2021ರಲ್ಲಿ, ಪಿಯುಸಿ ಓದುತ್ತಿದ್ದಾಗ, ಹದಿನಾರು ವರ್ಷಕ್ಕೆ ಬಂದದ್ದು ರಕ್ತದ ಕ್ಯಾನ್ಸರ್. ಕಿಮೋಥೆರಪಿಯೆಂದರೆ ಒಂದೆರಡು ತಿಂಗಳ ಮಾತಲ್ಲ, ಈ ಜಾತಿಯದಕ್ಕೆ ಎರಡೂವರೆ ವರ್ಷ. ಕೂದಲು ಹೋಯಿತು, ಬಂತು. ಹುಡುಗಿ ಅದರ ನಡುವೆಯೇ ಪರೀಕ್ಷೆ ಬರೆದು ಬಿ.ಕಾಂ. ಸೇರಿದಳು. ಇನ್ನೇನು ಮುಗಿಯಿತು ಎಂದು ಸೌಕೂರು ದೇವಿಗೆ ಹರಕೆಯ ಹೂವಿನಪೂಜೆಯನ್ನೂ ಮಾಡಿಸಿಯಾಗಿತ್ತು. 2024ರ ಮಳೆಗಾಲದಲ್ಲಿ ಕಾಯಿಲೆ ಮರಳಿ ಬಂತು.

ಮರಳಿ ಬಂದ ಕಾಯಿಲೆಗೆ ಹಳೆಯ ಮದ್ದು ಹಿಂದಿನ ಹಾಗೆ ನಾಟುವುದಿಲ್ಲವಂತೆ. ತಮ್ಮನ ಅಸ್ಥಿಮಜ್ಜೆ ಹೊಂದುತ್ತದೆಯೋ ಎಂದು ನೋಡಿದರು, ಹೊಂದಲಿಲ್ಲ. ಇಷ್ಟರವರೆಗಿನ ಕಾಲವಾಗಿದ್ದರೆ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಡುವ ಹೊತ್ತು. ಆದರೆ ಬೆಂಗಳೂರಿನ ಆ ಡಾಕ್ಟರು ಒಂದು ಹೊಸ ಮಾತು ಹೇಳಿ ಕಳಿಸಿದರು: ಕಾರ್-ಟಿ.

ಅಣ್ಣ ಊರಿಗೆ ಬಂದು ಜಗಲಿಯಲ್ಲಿ ಕುಳಿತು ವಿಷಯ ಹೇಳಿದ. ಎಂಬತ್ತು ದಾಟಿದ ದೊಡ್ಡಮ್ಮನ ಕಿವಿಗೆ ಬಿದ್ದದ್ದು ಎರಡೇ ಶಬ್ದ, ಕಾರು ಮತ್ತು ನಲವತ್ತು ಲಕ್ಷ.

"ಕಾರಾ? ಹೆಣ್ಣಿಗ್ ಹುಷಾರಿಲ್ಲೆ ಅಂದ್ರೆ ಇವ ಕಾರ್ ತಕಂಬುಕೆ ಹೊರ್ಟದ್ದಾ?"

ನಗುವ ಹೊತ್ತಲ್ಲ, ಆದರೂ ಅತ್ತಿಗೆಯೂ ನಾನೂ ನಕ್ಕೆವು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳೆಂಬ ಕಾರಣಕ್ಕೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಓದಿಕೊಂಡೆ, ಡಾಕ್ಟರನ್ನು ಕೇಳಿಕೊಂಡೆ. ದೊಡ್ಡಮ್ಮನಿಗೆ ಹೇಳಿದ ಕ್ರಮದಲ್ಲಿಯೇ ಇಲ್ಲೂ ಹೇಳುತ್ತೇನೆ. ಅದಕ್ಕಿಂತ ಒಳ್ಳೆಯ ಕ್ರಮ ನನಗೆ ಸಿಕ್ಕಿಲ್ಲ.

ನಮ್ಮ ರಕ್ತದಲ್ಲಿ ಬಿಳಿರಕ್ತಕಣಗಳಿವೆ. ಅವುಗಳಲ್ಲಿ ಟಿ ಕಣಗಳೆಂಬವು ಕಾವಲಿನವು. ಹೊರಗಿನ ರೋಗ ಹೊಕ್ಕರೆ ಹಿಡಿದು ಕೊಲ್ಲುತ್ತವೆ. ಆದರೆ ಕ್ಯಾನ್ಸರು ಹೊರಗಿನದಲ್ಲ, ನಮ್ಮದೇ ಕಣ ದಾರಿ ಕೆಟ್ಟದ್ದು. ಮನೆಯವನೇ ಕಳ್ಳನಾದರೆ ನಾಯಿ ಬೊಗಳುವುದಿಲ್ಲವಷ್ಟೆ? ಆ ನಾಯಿಗೆ ಕಳ್ಳನ ಗುರುತು ಕಲಿಸುವುದು ಹೇಗೆ ಎಂದು ವಿಜ್ಞಾನಿಗಳು ಹತ್ತಾರು ವರ್ಷ ತಲೆ ಕೆಡಿಸಿಕೊಂಡರು. ಇಸ್ರೇಲಿನ ಜೆಲಿಗ್ ಎಶ್ಹಾರ್ ಎಂಬವರು 1989ರಲ್ಲಿಯೇ ದಾರಿ ತೋರಿಸಿದ್ದರು. ಟಿ ಕಣದ ಮೈಮೇಲೆ ಒಂದು ಹೊಸ ಹಿಡಿಕೆ ಬೆಳೆಯುವಂತೆ ಮಾಡುವುದು, ಅದು ಕ್ಯಾನ್ಸರ್ ಕಣದ ಮೇಲಿನ ಗುರುತನ್ನೇ ಹುಡುಕಿ ಕಚ್ಚಿಕೊಳ್ಳುವುದು. ನಮ್ಮ ಹುಡುಗಿಗೆ ಬಂದ ಜಾತಿಯ ರಕ್ತದ ಕ್ಯಾನ್ಸರಿನಲ್ಲಿ ಕೆಟ್ಟಿರುವುದು ಬಿ ಕಣಗಳು. ಅವುಗಳ ಮೈಮೇಲೆ ಸಿ.ಡಿ. 19 ಎಂಬ ಗುರುತಿದೆ. ಆ ಗುರುತು ಕಂಡಲ್ಲಿ ಬಿಡದೆ ಹಿಡಿಯುವ ಕಾವಲು ಕಣ ತಯಾರು ಮಾಡುವುದೇ ಈ ಚಿಕಿತ್ಸೆ.

ಇಷ್ಟು ಹೇಳುವಾಗ ದೊಡ್ಡಮ್ಮ ಬಾಯಿಯ ಎಲೆ-ಅಡಿಕೆ ಉಗುಳಿ ಬಂದರು. "ಅದನ್ ಮಾಡುದ್ ಹ್ಯಾಂಗೆ? ಅದ್ ಹೇಳ್."

ಆಗ ನನಗೆ ಹೊಳೆದದ್ದು ಅಗೆ. ನಟ್ಟಿಯ ಮೊದಲು ಬೀಜ ತೆಗೆದಿರಿಸಿ, ಬೇರೆ ಕಡೆ ಸಣ್ಣ ಪಾತಿಯಲ್ಲಿ ಒತ್ತಾಗಿ ಬಿತ್ತಿ, ಅಗೆ ಬೆಳೆಸುವುದಿಲ್ಲವೇ? ಅತ್ತ ಅಗೆ ಏಳುವಷ್ಟರಲ್ಲಿ ಇತ್ತ ಗದ್ದೆ ಉತ್ತು, ಕಳೆ ತೆಗೆದು, ಹಸನು ಮಾಡಿರಬೇಕು. ಆಮೇಲೆ ಅಗೆ ಕಿತ್ತು ತಂದು ನೆಡುವುದು. ಇದೂ ಹಾಗೆಯೇ. ಹುಡುಗಿಯ ಒಂದು ಕೈಯ ನಾಳದಿಂದ ರಕ್ತ ಹೊರಟು ಯಂತ್ರದೊಳಗೆ ಹೋಗುತ್ತದೆ. ಯಂತ್ರ ಬಿಳಿಕಣಗಳನ್ನಷ್ಟೇ ಬೇರೆ ಮಾಡಿಟ್ಟುಕೊಂಡು ಉಳಿದ ರಕ್ತವನ್ನು ಅವಳಿಗೇ ಮರಳಿ ಕೊಡುತ್ತದೆ. ಮೂರು ನಾಲ್ಕು ಗಂಟೆಯ ಕೆಲಸ. ಆ ಕಣಗಳು ನವಿ ಮುಂಬಯಿಗೆ ಹೋಗುತ್ತವೆ. ಅಲ್ಲಿ ಟಿ ಕಣಗಳನ್ನು ಆರಿಸಿ, ಅವುಗಳೊಳಗೆ ಹೊಸ ಗುಣ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ, ತಪಾಸಣೆ ಮಾಡಿ, ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ಮರಳಿ ಕಳಿಸುತ್ತಾರೆ. ಹೊಸ ಗುಣವನ್ನು ಒಳಗೆ ಹೊತ್ತು ಒಯ್ಯುವುದು ಒಂದು ವೈರಸ್, ವಿಷದ ಹಲ್ಲು ಕಿತ್ತದ್ದು. ಅದು ಏಡ್ಸ್ ವೈರಸ್ಸಿನ ಬಳಗದ್ದು ಎಂಬುದನ್ನು ಮಾತ್ರ ನಾನು ದೊಡ್ಡಮ್ಮನಿಗೆ ಹೇಳಲು ಹೋಗಲಿಲ್ಲ. ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆಂದಿಲ್ಲ. ಕಣಗಳು ಬರುವ ಹೊತ್ತಿಗೆ ಹುಡುಗಿಗೆ ಮೂರು ದಿನ ಕಿಮೋ ಕೊಟ್ಟು ಹಳೆಯ ಕಣಗಳನ್ನು ತಗ್ಗಿಸುತ್ತಾರೆ. ಅದು ಗದ್ದೆ ಹಸನು ಮಾಡಿದ ಹಾಗೆ. ಆಮೇಲೆ ಒಂದು ಸಣ್ಣ ಚೀಲ ನೇತುಹಾಕಿ ಡ್ರಿಪ್ಪಿನಲ್ಲಿ ಒಳಗೆ ಬಿಡುವುದು. ಅರ್ಧ ಗಂಟೆ ಬೇಡ.

ದೊಡ್ಡಮ್ಮ ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಂದ್ರೆ ಮದ್ದ್ ಅವ್ಳ್ದೇ. ದುಡ್ಡ್ ಮಾತ್ರ ಅವ್ರಿಗೆ ಕೊಡ್ಕಾ?"

ಈ ಪ್ರಶ್ನೆಯನ್ನು ನಾನು ಇಂದಿಗೂ ಪೂರ್ತಿ ಉತ್ತರಿಸಿಲ್ಲ. ಉತ್ತರ ಇಲ್ಲವೆಂದಲ್ಲ. ಗುಳಿಗೆಯಾದರೆ ಒಂದು ಸಲ ಅರೆದು ಲಕ್ಷ ಮಂದಿಗೆ ಹಂಚಬಹುದು. ಇದು ಒಬ್ಬರಿಗೆ ಒಂದು ಪಾಕ. ಪಕ್ಕದ ಮಂಚದವಳಿಗೆ ಅದು ಆಗದು. ದೂಳಿನ ಕಣವೂ ಸುಳಿಯದ ಕೋಣೆ ಬೇಕು, ದಿನಗಟ್ಟಲೆ ಕಾಯುವ ಜನ ಬೇಕು, ಆ ವೈರಸ್ ಬೇಕು. ಅಮೆರಿಕದಲ್ಲಿ 2017ರಲ್ಲಿ ಇಂಥ ಮೊದಲ ಮದ್ದಿಗೆ ಒಪ್ಪಿಗೆ ಸಿಕ್ಕಾಗ ಅದರ ಬೆಲೆ 4,75,000 ಡಾಲರ್, ಆಗಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ. ನಮ್ಮಂಥವರು ಆ ಸಂಖ್ಯೆಯನ್ನು ಓದಿ ಪತ್ರಿಕೆ ಮಡಚಿಡುವುದೇ ಸರಿ. ಮುಂಬಯಿಯ ಐಐಟಿಯಲ್ಲಿ ರಾಹುಲ್ ಪುರ್ವಾರ್ ಮತ್ತು ಅವರ ಸಂಗಡಿಗರು ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರೊಡನೆ ಸೇರಿ ಇಲ್ಲಿಯೇ ಅದನ್ನು ಮಾಡಿದರು. 2021ರ ಜೂನಿನಲ್ಲಿ ಮೊದಲ ರೋಗಿಗೆ ಕೊಟ್ಟರು. 2023ರ ಅಕ್ಟೋಬರಿನಲ್ಲಿ ಸರಕಾರದ ಒಪ್ಪಿಗೆ ಬಂತು, ಹೆಸರು ನೆಕ್ಸ್‌ಕಾರ್-19. ಮಾರನೆಯ ವರ್ಷ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಮುಂಬಯಿಗೆ ಬಂದು ಅದನ್ನು ದೇಶಕ್ಕೆ ಅರ್ಪಿಸಿದರು. ಬೆಲೆ ಅಮೆರಿಕದ್ದರ ಎಂಟನೆಯ, ಒಂಬತ್ತನೆಯ ಒಂದು ಪಾಲು. ನಲವತ್ತು ಲಕ್ಷದ ಆಸುಪಾಸು. ಬೆಂಗಳೂರಿನಲ್ಲಿಯೂ, 2019ರಲ್ಲಿ ಕಿರಣ್ ಮಜುಂದಾರ್ ಷಾ ಮತ್ತು ಕ್ಯಾನ್ಸರ್ ಬಗ್ಗೆ ಪುಸ್ತಕ ಬರೆದ ಸಿದ್ಧಾರ್ಥ ಮುಖರ್ಜಿ ಮೊದಲಾದವರು ಕಟ್ಟಿದ ಇಮ್ಯುನೀಲ್ ಎಂಬ ಸಂಸ್ಥೆ 2025ರ ಜನವರಿಯಲ್ಲಿ ಇನ್ನೊಂದನ್ನು ಹೊರತಂದಿತು. ಅದು ಲಿಂಫೋಮಾ ಎಂಬ ಬೇರೆ ಜಾತಿಯ ಕ್ಯಾನ್ಸರಿಗೆ.

ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಗುಲ್ವಾಡಿಯಲ್ಲಿ ಒಂದೂವರೆ ಎಕರೆ ತೋಟ, ಒಂದು ಸಣ್ಣ ಅಂಗಡಿ ಇರುವವನಿಗೆ ಮೂರು ಕೋಟಿಯೂ ನಲವತ್ತು ಲಕ್ಷವೂ ಒಂದೇ ಆಕಾಶದ ಎರಡು ನಕ್ಷತ್ರ. ಅದರ ಮೇಲೆ ಆಸ್ಪತ್ರೆಯ ಖರ್ಚು ಬೇರೆ. ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ ಕುಟುಂಬಕ್ಕೆ ಸಿಗುವ ಮಿತಿಯೇ ಐದು ಲಕ್ಷ. ನನಗೆ ಆಗ ಒಂದು ವಿಚಿತ್ರ ಅನ್ನಿಸಿತು. ಹಿಂದೆ "ಇನ್ನೇನೂ ಮಾಡುವ ಹಾಗಿಲ್ಲ" ಎಂದು ಡಾಕ್ಟರು ಹೇಳುತ್ತಿದ್ದರು. ಅಳುತ್ತಿದ್ದೆವು, ದೇವರನ್ನು ಬೈಯುತ್ತಿದ್ದೆವು, ಸಮಾಧಾನವನ್ನೂ ತಂದುಕೊಳ್ಳುತ್ತಿದ್ದೆವು. ಈಗ ಆ ಮಾತನ್ನು ಡಾಕ್ಟರು ಹೇಳುವುದಿಲ್ಲ. ಹೇಳುವುದಾದರೆ ಅಪ್ಪ-ಅಮ್ಮನೇ ಹೇಳಬೇಕು, ಅದೂ ಮಗಳ ಮುಖ ನೋಡಿಕೊಂಡು.

ಹೇಳಿಸುವುದಕ್ಕೆ ಜನ ಇದ್ದರು. ಬಂದ ನೆಂಟರಲ್ಲಿ ಒಬ್ಬರು, ಕೆಟ್ಟವರಲ್ಲ, ಹುಡುಗಿಯ ಮೊದಲ ಚಿಕಿತ್ಸೆಗೆ ಕೈಯಿಂದ ದುಡ್ಡು ಕೊಟ್ಟವರೇ, ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ ಅಂದರು: "ಹೆಣ್ಣ್ ಅಲ್ದಾ? ತೋಟ ಮಾರಿ ಮಾಡ್ರೂ ನಾಳೆ ಮದಿ ಆಯ್ಕಲೆ. ಗಂಡಿನ ಬಗ್ಗೆಯೂ ಯೋಚ್ನೆ ಮಾಡಿ." ಗಂಡು ಎಂದರೆ ಹತ್ತನೆಯ ತರಗತಿಯ ತಮ್ಮ.

ಅವರೊಬ್ಬರ ಬಾಯಿಗೆ ಇದನ್ನು ಕಟ್ಟುವುದು ನ್ಯಾಯವಲ್ಲ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ, ನೋಂದಣಿಗಳ ಲೆಕ್ಕ ಹಿಡಿದು ನಮ್ಮ ವೈದ್ಯರೇ ಬರೆದ ಪ್ರಬಂಧವೊಂದು ಕೆಲವು ವರ್ಷಗಳ ಹಿಂದೆ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದಿತ್ತು. ಕ್ಯಾನ್ಸರಿನ ಚಿಕಿತ್ಸೆಗೆಂದು ಬರುವ ಮಕ್ಕಳಲ್ಲಿ ಹುಡುಗರಿಗಿಂತ ಹುಡುಗಿಯರು ಬಹಳ ಕಡಿಮೆ. ಖರ್ಚು ಹೆಚ್ಚಿನ ಚಿಕಿತ್ಸೆಯಾದರೆ ಇನ್ನೂ ಕಡಿಮೆ. ಕಾಯಿಲೆ ಅಷ್ಟೊಂದು ಪಕ್ಷಪಾತ ಮಾಡುವುದಿಲ್ಲ. ಉಳಿದ ಹುಡುಗಿಯರು ಎಲ್ಲಿದ್ದಾರೆ? 'ರಕ್ತ ಕಡಿಮೆ' ಎಂದು ಮನೆಯಲ್ಲಿದ್ದಾರೆ.

ಅಂದಹಾಗೆ, ಪ್ರಪಂಚದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಮಗು ಹುಡುಗಿಯೇ. ಎಮಿಲಿ ವೈಟ್‌ಹೆಡ್, ಅಮೆರಿಕದವಳು. 2012ರ ಏಪ್ರಿಲಿನಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕಣಗಳನ್ನು ಮರಳಿ ಕೊಟ್ಟಾಗ ಅವಳಿಗೆ ಆರು ವರ್ಷ. ಎರಡು ಸಲ ಕಾಯಿಲೆ ಮರುಕಳಿಸಿ ಕೈಬಿಟ್ಟ ಸ್ಥಿತಿ. ಕಣಗಳು ಒಳಗೆ ಯುದ್ಧ ಸುರುಮಾಡಿದವು, ಜ್ವರ ಏರಿತು, ಮಗು ಉಸಿರಾಟದ ಯಂತ್ರಕ್ಕೆ ಹೋಯಿತು. ಡಾಕ್ಟರ್ ಕಾರ್ಲ್ ಜೂನ್ ಅವರ ತಂಡ ರಕ್ತ ಪರೀಕ್ಷೆ ಮಾಡಿದಾಗ ಒಂದು ರಾಸಾಯನಿಕ ವಿಪರೀತ ಏರಿದ್ದು ಕಂಡಿತು. ಅದನ್ನು ತಗ್ಗಿಸುವ ಮದ್ದು ಸಂಧಿವಾತಕ್ಕೆ ಬಂದಿತ್ತು. ಕಾರ್ಲ್ ಜೂನರ ಸ್ವಂತ ಮಗಳಿಗೆ ಸಂಧಿವಾತ ಇದ್ದುದರಿಂದ ಅವರಿಗೆ ಅದರ ವಿಷಯ ಗೊತ್ತಿತ್ತು. ಕೊಟ್ಟರು, ಜ್ವರ ಇಳಿಯಿತು. ಏಳನೆಯ ಹುಟ್ಟುಹಬ್ಬದ ದಿನ ಎಮಿಲಿ ಕಣ್ಣು ಬಿಟ್ಟಳು. ಈಗ ಅವಳು ಬೆಳೆದು ಕಾಲೇಜು ಸೇರಿದ್ದಾಳೆ. ಅಲ್ಲಿ ಒಬ್ಬ ಅಪ್ಪನಿಗೆ ಮಗಳ ಮದ್ದಿನ ಹೆಸರು ಗೊತ್ತಿದ್ದುದು ಇನ್ನೊಬ್ಬರ ಮಗಳನ್ನು ಉಳಿಸಿತು. ನಮ್ಮ ಅತ್ತಿಗೆ ಈ ಕತೆಯನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

ಅತ್ತಿಗೆಯ ವಿಷಯ ಹೇಳಲೇಬೇಕು. ಜೋರಾಗಿ ಮಾತಾಡಿದವಳಲ್ಲ. ಅಂದು ನೆಂಟರು ಹೋದ ಮೇಲೆ ಕಪಾಟು ತೆಗೆದು, ಮಗಳು ಹುಟ್ಟಿದಂದಿನಿಂದ ಅರ್ಧ ಪವನು, ಒಂದು ಪವನು ಎಂದು ಮದುವೆಗೆ ಕೂಡಿಟ್ಟ ಚಿನ್ನದ ಡಬ್ಬಿಯನ್ನು ತಂದು ಗಂಡನ ಮುಂದಿಟ್ಟಳು. "ಇದ್ ಅವ್ಳ್ದೇ ಅಲ್ದಾ? ಅವ್ಳಿಗೇ ಆಯ್ಲಿ" ಅಂದಳು. ಹುಡುಗಿ ಒಳಗಿನಿಂದ "ನಂಗ್ ಬ್ಯಾಡ ಅಮ್ಮ" ಎಂದು ಕೂಗಿದ್ದಕ್ಕೆ, "ನಿನ್ನ ಕೇಂಡ್ಲಿಲ್ಲೆ" ಎಂದು ಉತ್ತರ ಕೊಟ್ಟಳು.

ಚಿನ್ನ, ಅರ್ಧ ತೋಟ, ಸೊಸೈಟಿ ಸಾಲ, ನಮ್ಮಂಥವರ ಕೈಗಡ ಎಲ್ಲ ಸೇರಿದರೂ ಅರ್ಧಕ್ಕಿಂತ ಸ್ವಲ್ಪ ಮೇಲೆ. ಉಳಿದದ್ದಕ್ಕೆ ಊರಿನ ಹುಡುಗರು ಮುಂದೆ ಬಂದರು. ಆದರೆ ಅವರದೊಂದು ಷರತ್ತು: ಹುಡುಗಿಯ ಫೋಟೋ, ಹೆಸರು, ಕಾಯಿಲೆಯ ಹೆಸರು ಬೇಕು. ಅದಿಲ್ಲದೆ ವಾಟ್ಸಾಪಿನಲ್ಲಿ ಹಾಕಿದರೆ ಯಾರು ನಂಬುತ್ತಾರೆ? ಮೂರು ವರ್ಷ ಮುಚ್ಚಿಟ್ಟದ್ದನ್ನು ಕಂಡ್ಲೂರಿನಿಂದ ಕೊಲ್ಲಿ ರಾಜ್ಯದವರೆಗೆ ಬಿಚ್ಚಿಡುವ ಮಾತು. ಚಿನ್ನ ಕೊಡುವಾಗ ನಡುಗದ ಅತ್ತಿಗೆಯ ಕೈ ಆಗ ನಡುಗಿತು. ಹೆಸರು ಒಮ್ಮೆ ಹೊರಬಿದ್ದರೆ ಮುಂದೆ ಯಾರು ಕೇಳಿ ಬರುತ್ತಾರೆ ಎಂಬುದು ಅವಳ ಸಂಕಟ. ನಮ್ಮಲ್ಲಿ ಇದನ್ನು ಹುಚ್ಚು ಎನ್ನುವವರು ಹೆಣ್ಣು ಹೆತ್ತವರಾಗಿರಲಾರರು.

ಗುಲ್ವಾಡಿಯೆಂದರೆ ಓದಿದವರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರು. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡ ಅವರು 1899ರಲ್ಲಿ 'ಇಂದಿರಾಬಾಯಿ' ಬರೆದರು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಎಳೆಯ ಪ್ರಾಯದಲ್ಲಿ ವಿಧವೆಯಾದ ಹುಡುಗಿ ಮನೆ ಬಿಟ್ಟು, ಓದಿ, ಮರುಮದುವೆಯಾಗಿ ಬದುಕು ಕಟ್ಟಿಕೊಳ್ಳುವ ಕತೆ. ಆ ಕಾಲಕ್ಕೆ ಅಂಥ ಹುಡುಗಿಯನ್ನು ಮನೆಯ ಕತ್ತಲ ಮೂಲೆಯಲ್ಲಿ ಇಡುತ್ತಿದ್ದರು. ನಾನು ಅತ್ತಿಗೆಗೆ ಭಾಷಣ ಮಾಡಲಿಲ್ಲ. ಆದರೆ ಹುಡುಗಿ ತಾನೇ ಮೊಬೈಲು ತೆಗೆದುಕೊಂಡು, ಕೂದಲು ಹೋಗಿದ್ದಾಗಿನ ಒಂದು ಫೋಟೋವನ್ನು ಆರಿಸಿ ಹುಡುಗರಿಗೆ ಕಳಿಸಿಬಿಟ್ಟಳು. "ಕೂದ್ಲ್ ಇಪ್ಪುದ್ ಹಾಕ್ರೆ ಜನ ನಂಬುದಿಲ್ಲೆ" ಎಂದಳಂತೆ. ದುಡ್ಡು ಬಂತು. ಒಂದು ಆಟದ ಮೇಳದವರು ಒಂದು ರಾತ್ರಿಯ ಸಂಗ್ರಹವನ್ನು ಕೊಟ್ಟರು. ನೂರು ರೂಪಾಯಿ ಕಳಿಸಿದವರ ಹೆಸರೇ ಪಟ್ಟಿಯಲ್ಲಿ ಹೆಚ್ಚು.

ಚಿಕಿತ್ಸೆಯ ದಿನಗಳನ್ನು ಅತ್ತಿಗೆ ಬೆಂಗಳೂರಿನಲ್ಲಿದ್ದು ಕಳೆದಳು. ನಾನು ಹತ್ತು ದಿನ ಜೊತೆಗಿದ್ದೆ. ಕಣಗಳು ಬರುವವರೆಗೆ ಹತ್ತಿರ ಹತ್ತಿರ ಒಂದು ತಿಂಗಳು. ಆ ತಿಂಗಳೇ ಕಷ್ಟದ್ದು, ಅಷ್ಟರೊಳಗೆ ಕಾಯಿಲೆ ಓಡಿಬಿಟ್ಟರೆ ಎಂಬ ಹೆದರಿಕೆ. ಒಳಗೆ ಬಿಟ್ಟ ದಿನ ಏನೂ ಇಲ್ಲ. ಇಷ್ಟೆಯಾ ಅನ್ನಿಸಿತು. ಮೂರನೆಯ ದಿನ ಜ್ವರ ಏರಿತು, 104. ಎಮಿಲಿಗೆ ಕೊಟ್ಟ ಅದೇ ಸಂಧಿವಾತದ ಮದ್ದನ್ನು ಇವಳಿಗೂ ಎರಡು ಸಲ ಕೊಟ್ಟರು.

ಅಲ್ಲಿ ದಿನಕ್ಕೆ ಎರಡು ಮೂರು ಸಲ ಒಂದು ಪರೀಕ್ಷೆ ನಡೆಯುತ್ತದೆ. ಈ ಕಣಗಳ ಗಲಾಟೆ ಕೆಲವೊಮ್ಮೆ ಮಿದುಳಿಗೂ ತಾಗುವುದುಂಟಂತೆ, ಅದಕ್ಕೆ. ಈಗ ಯಾವ ತಿಂಗಳು, ಇದು ಯಾವ ಊರು, ಇದೇನು, ಪೆನ್ನು, ಅದೇನು, ಗಡಿಯಾರ, ನೂರರಿಂದ ಹತ್ತು ಹತ್ತು ಕಳೆಯುತ್ತ ಬಾ. ಕೊನೆಗೆ ಒಂದು ವಾಕ್ಯ ಬರೆ. ನರ್ಸ್ ಕೇರಳದವಳು, ಕನ್ನಡ ಓದಲು ಬಾರದು. "ಸಾರವಿಲ್ಲ, ಅಕ್ಷರ ನಡುಗುತ್ತದಾ ಅಂತ ಮಾತ್ರ ನೋಡ್ತೇನೆ" ಎಂದು ನಗುತ್ತಿದ್ದಳು. ಹಾಗಾಗಿ ಹುಡುಗಿ ಮನಸ್ಸಿಗೆ ಬಂದದ್ದೆಲ್ಲ ಬರೆದಳು. ಮೊದಲ ದಿನ, "ಇಲ್ಲಿಯ ಇಡ್ಲಿ ಕಲ್ಲು." ಎರಡನೆಯ ದಿನ, "ಅಮ್ಮ ಸುಮ್ಮನೆ ಅಳುತ್ತಾಳೆ." ಆರನೆಯ ದಿನದ ಹಾಳೆಯನ್ನು ಅತ್ತಿಗೆ ಈಗಲೂ ಇಟ್ಟುಕೊಂಡಿದ್ದಾಳೆ. 'ನನಗೆ' ಎಂಬ ಶಬ್ದ ಸುರುವಾಗಿ, ನ ಮೇಲೆ ನ ಬಿದ್ದು, ಗೆರೆಯಿಂದ ಕೆಳಗೆ ಜಾರಿ ಹೋಗಿದೆ. ನರ್ಸ್ ನಗಲಿಲ್ಲ, ಡಾಕ್ಟರನ್ನು ಕರೆಯಲು ಓಡಿದಳು. ಸ್ಟೀರಾಯ್ಡ್ ಕೊಟ್ಟರು. ಎರಡು ದಿನ ಹುಡುಗಿಗೆ ಗಡಿಯಾರ ಎಂಬ ಶಬ್ದ ಸಿಗಲಿಲ್ಲ. ಮೂರನೆಯ ದಿನ ಅಕ್ಷರ ಗೆರೆಯ ಮೇಲೆ ನಿಂತಿತು: "ಇಡ್ಲಿ ಇವತ್ತೂ ಕಲ್ಲು."

ಒಂದು ತಿಂಗಳಿಗೆ ಅಸ್ಥಿಮಜ್ಜೆ ಪರೀಕ್ಷೆ ಮಾಡಿದರು. ಕಾಯಿಲೆ ಕಾಣಲಿಲ್ಲ. 'ಕಾಣಲಿಲ್ಲ' ಎಂದೇ ಡಾಕ್ಟರು ಹೇಳಿದ್ದು, 'ಗುಣವಾಯಿತು' ಎಂದಲ್ಲ. ಈ ಮದ್ದಿನ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಗಿದೆ. ನೂರಕ್ಕೆ ಸುಮಾರು 73 ಮಂದಿಗೆ ನಾಟಿತು ಎಂಬ ಲೆಕ್ಕ. ಉಳಿದ 27 ಮಂದಿಯ ಮನೆಯಲ್ಲೂ ಚಿನ್ನದ ಡಬ್ಬಿ ಖಾಲಿಯಾಗಿರುತ್ತದೆ. ನಾಟಿದವರಲ್ಲೂ ಕೆಲವರಿಗೆ ಕಾಯಿಲೆ ಮರಳಿ ಬರುತ್ತದೆ. ಕೆಟ್ಟ ಬಿ ಕಣಗಳ ಜೊತೆ ಒಳ್ಳೆಯ ಬಿ ಕಣಗಳೂ ಹೋಗುವುದರಿಂದ ಸಣ್ಣ ಸೋಂಕಿಗೂ ಹೆದರಬೇಕು. ಆಗಾಗ ಇಮ್ಯುನೋಗ್ಲಾಬ್ಯುಲಿನ್ ಎಂಬ ಇಂಜೆಕ್ಷನ್, ಅದಕ್ಕೆ ಮತ್ತೆ ಸಾವಿರಗಟ್ಟಲೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿಲ್ಲ. ಬಸ್ಸಿನಿಂದ ಇಳಿದು ವರದಿ ಕೈಗೆ ಬರುವವರೆಗೆ ಅತ್ತಿಗೆ ನೀರೂ ಕುಡಿಯುವುದಿಲ್ಲ.

ಫೋಟೋ ಊರೂರು ಸುತ್ತಿದ್ದರಿಂದ ಇನ್ನೊಂದಾಯಿತು. ಈಗ ಜನ ಕೇಳಿಕೊಂಡು ಬರುತ್ತಾರೆ, ಸಂಬಂಧಕ್ಕಲ್ಲ, ಮದ್ದಿಗೆ. ಹೋದ ತಿಂಗಳು ನಾನು ಗುಲ್ವಾಡಿಯಲ್ಲಿದ್ದಾಗ ಹಾಲಾಡಿ ಕಡೆಯಿಂದ ಒಬ್ಬಳು ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ ಫೈಲು. ಎಂಟು ವರ್ಷದ ಮಗಳಿಗೆ ಅದೇ ರಕ್ತದ ಕ್ಯಾನ್ಸರ್, ಚಿಕಿತ್ಸೆ ಸುರುವಾಗಿ ಎರಡು ತಿಂಗಳು. ಮನೆ ಮಾರಿಯಾದರೂ ಈ ಮದ್ದನ್ನೇ ಕೊಡಿಸಬೇಕು ಎಂದಳು. ಫೈಲು ನೋಡುವಷ್ಟು ವಿದ್ಯೆ ನನಗಿಲ್ಲ. ಡಾಕ್ಟರರಿಂದ ಕೇಳಿ ತಿಳಿದದ್ದನ್ನಷ್ಟೇ ಹೇಳಿದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊದಲ ಮದ್ದು ಇದಲ್ಲ. ಬಹಳಷ್ಟು ಮಕ್ಕಳು ಸಾಮಾನ್ಯ ಕಿಮೋದಲ್ಲಿಯೇ ಗುಣವಾಗುತ್ತಾರೆ, ಆದರೆ ಎರಡು ಮೂರು ವರ್ಷ ನಡುವೆ ಬಿಡದೆ ಮಾಡಿಸಬೇಕು. ಇದು ಅದು ಸೋತಾಗಿನದು. ನಮ್ಮ ದೇಶದ ಈ ಮದ್ದಿಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹದಿನೈದು ದಾಟಿದವರಿಗೆ. ಮನೆ ಮಾರಬೇಡ, ಬಸ್ಸಿನ ದುಡ್ಡು ಜೋಪಾನ ಮಾಡು, ಒಂದು ಸಲವೂ ತಪ್ಪಿಸಬೇಡ. ಅವಳ ಮುಖದಲ್ಲಿ ಸಮಾಧಾನವೂ ಕಂಡಿತು, ನಿರಾಸೆಯೂ ಕಂಡಿತು.

ಚಹಾ ಕುಡಿದು ಏಳುವಾಗ ತಗ್ಗಿದ ದನಿಯಲ್ಲಿ ಅಂದಳು: "ಅಕ್ಕ, ನಾನ್ ಬಂದದ್ದ್ ಯಾರ್ ಹತ್ರೂ ಹೇಳ್ಬೇಡಿ. ಹೆಣ್ಣ್ ಮಗು."

ಜಗಲಿಯ ಮೂಲೆಯಲ್ಲಿ ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಈಚೆಗೆ ಕಿವಿ ಇನ್ನೂ ಮಂದ, ಆದರೆ ಬೇಕಾದ್ದು ಕೇಳುತ್ತದೆ. ಅಲ್ಲಿಂದಲೇ ಗಟ್ಟಿಯಾಗಿ ಕೇಳಿದರು: "ಮಗಿನ ಹೆಸ್ರ್ ಎಂತ, ಮಗಾ?"

ಅವಳು ಒಮ್ಮೆ ನನ್ನನ್ನೂ ಒಮ್ಮೆ ದಾರಿಯನ್ನೂ ನೋಡಿ, ಹೆಸರು ಹೇಳಿದಳು. ದೊಡ್ಡಮ್ಮನಿಗೆ ಕೇಳಿಸಲಿಲ್ಲ. ಎರಡನೆಯ ಸಲ ದೊಡ್ಡಕೆ ಹೇಳಬೇಕಾಯಿತು.